ಇಪ್ಪತ್ತು ಅಕ್ಷರಗಳ ಬೆಳದಿಂಗಳು: ಲಿ ಬೈ ಕವಿತೆಯನ್ನು ಕುಂಚದಲ್ಲಿ ಬರೆಯುವ ಕ್ರಮ

ಚೀನೀ ಕುಂಚ ಬರವಣಿಗೆಯ ವಿಷಯ ಬಂದಾಗಲೆಲ್ಲ ಓದುಗರು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಚೀನೀ ಭಾಷೆ ಬಾರದವರು ಚೀನೀ ಕವಿತೆಯೊಂದನ್ನು ಕುಂಚದಲ್ಲಿ ಬರೆಯಬಹುದೇ ಎಂಬುದು ಮೊದಲನೆಯದು. ಅಕ್ಷರಗಳೇನೋ ಮಾದರಿಯಂತೆಯೇ ಬರುತ್ತವೆ, ಆದರೆ ಭಾವ ಬರುವುದಿಲ್ಲ, ಅದನ್ನು ತರುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ: ಇಪ್ಪತ್ತೇ ಅಕ್ಷರಗಳ ಕವಿತೆಯನ್ನು ಆರಿಸಿಕೊಂಡು ಪ್ರತಿ ಅಕ್ಷರದ ಅರ್ಥ ತಿಳಿದು ಬರೆದರೆ ಸಾಧ್ಯ. ಎರಡನೆಯದಕ್ಕೆ ಈ ಇಡೀ ಲೇಖನವೇ ಉತ್ತರ. ಎಲ್ಲ ಮುಗಿದ ಮೇಲೆ ಒಗ್ಗರಣೆ ಹಾಕಿದಂತೆ ಭಾವವನ್ನು ಸೇರಿಸಲು ಬರುವುದಿಲ್ಲ. ಕವಿತೆಯಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆ, ಕುಂಚವನ್ನು ಮತ್ತೆ ಮಸಿಗೆ ಅದ್ದುವುದು ಯಾವ ಅಕ್ಷರದ ಮುಂದೆ, ಕೈ ನಿಧಾನವಾಗುವುದು ಯಾವ ಎಳೆಯಲ್ಲಿ (ಕುಂಚದ ಗೀಟಿನಲ್ಲಿ) ಎಂಬ ನಿರ್ಧಾರಗಳಲ್ಲಿ ಅದು ಮೊದಲಿನಿಂದಲೇ ಇರಬೇಕಾಗುತ್ತದೆ.

ಇಲ್ಲಿ ಆಯ್ದುಕೊಂಡಿರುವುದು ಟ್ಯಾಂಗ್ ರಾಜವಂಶದ ಕಾಲದ ಕವಿ ಲಿ ಬೈ (701–762) ಬರೆದ ‘ಜಿಂಗ್ ಯೆ ಸ್ಸ’, ಅಂದರೆ ‘ನಿಶ್ಶಬ್ದ ರಾತ್ರಿಯ ನೆನಪು’ ಎಂಬ ಕವಿತೆ. ಚೀನಾದಲ್ಲಿ ಮಕ್ಕಳು ಬಾಯಿಪಾಠ ಕಲಿಯುವ ಮೊದಲ ಕವಿತೆಗಳಲ್ಲಿ ಇದೂ ಒಂದು. ದಿನಕ್ಕೆ ಅರ್ಧ ಗಂಟೆ ಕೊಡಬಲ್ಲವರು ಆರರಿಂದ ಎಂಟು ವಾರಗಳಲ್ಲಿ ಗೋಡೆಗೆ ಹಾಕಬಹುದಾದ ಒಂದು ಹಾಳೆಯನ್ನು ಬರೆದು ಮುಗಿಸಬಹುದು.

1. ಕುಂಚ ಮುಟ್ಟುವ ಮೊದಲು ಕವಿತೆಯನ್ನು ಓದಿ

ಈ ಹಂತವನ್ನು ಹಾರಿಸಿ ನೇರವಾಗಿ ಮಸಿಗೆ ಕೈಹಾಕುವವರೇ ಹೆಚ್ಚು. ಒಂದು ವಾರವನ್ನಾದರೂ ಇದಕ್ಕೆ ಮೀಸಲಿಡಿ. ಮೂಲದ ಉಚ್ಚಾರಣೆ ಸ್ಥೂಲವಾಗಿ ಹೀಗಿದೆ (ಸ್ವರದ ಏರಿಳಿತಗಳನ್ನು ಕನ್ನಡ ಲಿಪಿಯಲ್ಲಿ ತೋರಿಸಲಾಗದು, ಧ್ವನಿಮುದ್ರಣವೊಂದನ್ನು ಕೇಳಿ ಸರಿಪಡಿಸಿಕೊಳ್ಳಿ):

ಚುವಾಂಗ್ ಚ್ಯೆನ್ / ಮಿಂಗ್ ಯುಎ ಗುವಾಂಗ್
ಯೀ ಶಿ / ದೀ ಶಾಂಗ್ ಶುವಾಂಗ್
ಜ್ಯೂ ತೋ / ವಾಂಗ್ ಮಿಂಗ್ ಯುಎ
ದೀ ತೋ / ಸ್ಸ ಗೂ ಶ್ಯಾಂಗ್

ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿದರೆ ಅರ್ಥ ಹೀಗಾಗುತ್ತದೆ: ಮಂಚ, ಮುಂದೆ, ಹೊಳೆವ, ತಿಂಗಳು, ಬೆಳಕು, ಸಂದೇಹ, ಇದು, ನೆಲ, ಮೇಲೆ, ಹಿಮ, ಎತ್ತು, ತಲೆ, ದಿಟ್ಟಿಸು, ಹೊಳೆವ, ತಿಂಗಳು, ತಗ್ಗಿಸು, ತಲೆ, ನೆನೆ, ಹಳೆಯ, ಊರು.

ಐದು ಅಕ್ಷರಗಳ ನಾಲ್ಕು ಸಾಲುಗಳ ಈ ಕಿರುರೂಪಕ್ಕೆ ‘ಜ್ಯುಎಜ್ಯು’ ಎಂದು ಹೆಸರು. ಟ್ಯಾಂಗ್ ಕಾಲದಲ್ಲಿ ಬಿಗಿಗೊಂಡ ಸ್ವರನಿಯಮಗಳನ್ನು ಈ ಕವಿತೆ ಪೂರ್ಣವಾಗಿ ಪಾಲಿಸುವುದಿಲ್ಲ. ಇದು ಹಳೆಯ ಜಾನಪದ ಧಾಟಿಗೆ ಹತ್ತಿರವಾದ ಸಡಿಲ ಬಗೆ. ಪ್ರತಿ ಸಾಲಿನಲ್ಲೂ ಎರಡು ಅಕ್ಷರಗಳ ನಂತರ ಯತಿ ಬರುತ್ತದೆ, ಮೇಲಿನ ಓರೆಗೆರೆ ಅದನ್ನೇ ತೋರಿಸುತ್ತದೆ. ಒಂದು, ಎರಡು ಮತ್ತು ನಾಲ್ಕನೆಯ ಸಾಲುಗಳಿಗೆ ಅಂತ್ಯಪ್ರಾಸವಿದೆ. ಈ ಯತಿಸ್ಥಾನಗಳನ್ನು ಬಾಯಿಪಾಠ ಮಾಡಿಕೊಳ್ಳಿ, ಏಳನೆಯ ಹಂತದಲ್ಲಿ ಇವೇ ಕೆಲಸಕ್ಕೆ ಬರುತ್ತವೆ.

ಈಗ ಭಾವದ ವಿಷಯ. ಇಪ್ಪತ್ತು ಅಕ್ಷರಗಳಲ್ಲಿ ದುಃಖ ಎಂಬ ಪದವಿಲ್ಲ, ಕಣ್ಣೀರಿಲ್ಲ, ಒಂಟಿತನವೆಂಬ ಮಾತಿಲ್ಲ. ‘ನಾನು’ ಕೂಡ ಇಲ್ಲ. ಕನ್ನಡಕ್ಕೆ ತರುವಾಗ ನಾವು ‘ನೋಡುತ್ತೇನೆ, ನೆನೆಯುತ್ತೇನೆ’ ಎಂದ ಕೂಡಲೇ ಕ್ರಿಯಾಪದದ ಬಾಲ ಹಿಡಿದು ‘ನಾನು’ ಒಳಗೆ ಬಂದುಬಿಡುತ್ತದೆ. ಚೀನೀ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲದ ಕಾರಣ ತಲೆಯೆತ್ತಿದವರು ಯಾರೂ ಆಗಬಹುದು, ಓದುವವರೇ ಆಗಬಹುದು. ಮೂಲಕ್ಕೆ ಸ್ವಲ್ಪ ಹತ್ತಿರ ಹೋಗಬೇಕೆಂದರೆ ಹೀಗೆ ಹೇಳಬೇಕಾದೀತು: ‘ಮಂಚದ ಮುಂದೆ ಹೊಳೆವ ತಿಂಗಳ ಬೆಳಕು, ನೆಲದ ಮೇಲೆ ಹಿಮವೋ ಎಂಬ ಸಂದೇಹ, ತಲೆಯೆತ್ತಿ ಹೊಳೆವ ತಿಂಗಳ ನೋಟ, ತಲೆ ತಗ್ಗಿಸಿ ಹಳೆಯ ಊರ ನೆನಪು.’

ಎರಡನೆಯ ಸಾಲಿನ ‘ಶುವಾಂಗ್’ ಎಂಬುದನ್ನು ಹಿಮ ಎಂದಿದ್ದೇನೆ, ಮಂಜು ಎಂದುಕೊಂಡರೆ ಚಿತ್ರ ಕೆಡುತ್ತದೆ. ಅದು ಗಾಳಿಯಲ್ಲಿ ತೇಲುವ ಮಂಜಲ್ಲ. ತೀವ್ರ ಚಳಿಯಲ್ಲಿ ನೆಲದ ಮೇಲೆ ಉಪ್ಪು ಉದುರಿಸಿದಂತೆ ತೆಳ್ಳಗೆ ಕಟ್ಟಿಕೊಳ್ಳುವ ಬಿಳಿಯ ಪದರ. ಚೀನೀ ಪಂಚಾಂಗದಲ್ಲಿ ‘ಹಿಮ ಇಳಿಯುವ’ ಘಟ್ಟ ಅಕ್ಟೋಬರ್ 23ರ ಸುಮಾರಿಗೆ ಬರುತ್ತದೆ. ಆದ್ದರಿಂದ ಆ ಒಂದು ಅಕ್ಷರ ಶರತ್ಕಾಲ ಮುಗಿಯುತ್ತ ಬಂದಿರುವುದನ್ನು, ವರ್ಷ ಸರಿದರೂ ಮನೆಗೆ ಹೋಗದಿರುವುದನ್ನು ಬಾಯಿಬಿಡದೆ ಹೇಳುತ್ತದೆ. ಚೀನೀ ಕಾವ್ಯವಿಚಾರದಲ್ಲಿ ಇದನ್ನು ‘ಚಿಂಗ್’ (ಭಾವ) ಮತ್ತು ‘ಜಿಂಗ್’ (ಕಣ್ಣೆದುರಿನ ದೃಶ್ಯ) ಒಂದರೊಳಗೊಂದು ಬೆರೆಯುವುದು ಎನ್ನುತ್ತಾರೆ. ಉದ್ದೀಪನ ವಿಭಾವ (ಭಾವವನ್ನು ಕೆರಳಿಸುವ ಸನ್ನಿವೇಶ) ಎಂಬ ಮಾತು ಗೊತ್ತಿರುವವರಿಗೆ ಬೆಳದಿಂಗಳು ಇಲ್ಲಿ ಏನು ಮಾಡುತ್ತಿದೆಯೆಂದು ಬಿಡಿಸಿ ಹೇಳಬೇಕಿಲ್ಲ, ಎರಡು ಪರಂಪರೆಗಳ ಪರಿಭಾಷೆ ಬೇರೆಯೆಂಬುದನ್ನು ಮಾತ್ರ ಮರೆಯಬಾರದು.

ಎಚ್ಚರಿಕೆ: ಈ ಕವಿತೆಗೆ ಎರಡು ಪಾಠಗಳಿವೆ (ಪಠ್ಯರೂಪಗಳಿವೆ). ಟ್ಯಾಂಗ್ ನಂತರದ ಸೋಂಗ್ ರಾಜವಂಶದ ಕಾಲದ ಹಳೆಯ ಪಾಠದಲ್ಲಿ ಮೊದಲ ಸಾಲಿನ ‘ಹೊಳೆವ’ ಎಂಬಲ್ಲಿ ‘ನೋಡು’ ಎಂದೂ, ಮೂರನೆಯ ಸಾಲಿನಲ್ಲಿ ‘ಹೊಳೆವ ತಿಂಗಳು’ ಎಂಬಲ್ಲಿ ‘ಬೆಟ್ಟದ ತಿಂಗಳು’ ಎಂದೂ ಇದೆ. ಮೇಲೆ ಕೊಟ್ಟಿರುವುದು ನಂತರದ ಕಾಲದಲ್ಲಿ ಪ್ರಚಲಿತವಾಗಿ ಇಂದು ಶಾಲೆಗಳಲ್ಲಿ ಕಲಿಸುವ ರೂಪ. ಎರಡೂ ಸರಿಯೇ, ಆದರೆ ಎರಡನ್ನೂ ಬೆರಕೆ ಮಾಡಬಾರದು. ಹಾಗೆಯೇ ಮೊದಲ ಅಕ್ಷರಕ್ಕೆ ಮಂಚವೆಂದಲ್ಲದೆ ಬಾವಿಯ ಕಟಕಟೆ ಎಂಬ ಅರ್ಥ ಹೇಳುವ ವಿದ್ವಾಂಸರೂ ಇದ್ದಾರೆ. ಬರೆಯುವ ಕೈಗೆ ಆ ವಿವಾದದಿಂದ ವ್ಯತ್ಯಾಸವೇನೂ ಆಗದು.

2. ಬೇಕಾದ ಸಾಮಗ್ರಿ

ಕುಂಚ, ಮಸಿ, ಕಾಗದ, ಮಸಿ ಅರೆಯುವ ಕಲ್ಲು ಎಂಬ ನಾಲ್ಕನ್ನು ಚೀನೀಯರು ‘ಅಧ್ಯಯನ ಕೋಣೆಯ ನಾಲ್ಕು ನಿಧಿಗಳು’ ಎಂದು ಕರೆಯುತ್ತಾರೆ. ಹೆಸರು ಘನವಾಗಿದೆಯೆಂದು ದುಬಾರಿ ವಸ್ತುಗಳನ್ನೇ ಕೊಳ್ಳಬೇಕಿಲ್ಲ.

ಕುಂಚ: ಮೇಕೆಯ ಕೂದಲಿನದು ಮೃದು, ಮಸಿಯನ್ನು ಹೆಚ್ಚು ಹಿಡಿಯುತ್ತದೆ, ಆದರೆ ಹೊಸಬರ ಮಾತು ಕೇಳುವುದಿಲ್ಲ. ‘ತೋಳದ ಕೂದಲು’ ಎಂದು ಮಾರುವ ಕುಂಚದಲ್ಲಿ ತೋಳವೇನೂ ಇರುವುದಿಲ್ಲ. ಅದು ವೀಸಲ್ ಎಂಬ, ಮುಂಗುಸಿಯನ್ನು ಹೋಲುವ ಸಣ್ಣ ಪ್ರಾಣಿಯ ಬಾಲದ ಕೂದಲು, ಗಡುಸಾಗಿ ಪುಟಿಯುತ್ತದೆ. ಎರಡನ್ನೂ ಸೇರಿಸಿ ಕಟ್ಟಿದ ಮಿಶ್ರ ಕೂದಲಿನ ಕುಂಚವೇ (ಜ್ಯೆನ್‌ಹಾವೊ) ನಿಮಗೆ ತಕ್ಕದ್ದು. ನಾವು ಬರೆಯುವ ಅಕ್ಷರ ಸುಮಾರು 8 ಸೆಂಟಿಮೀಟರ್ ಚೌಕದ್ದಾದ್ದರಿಂದ ಕೂದಲಿನ ಉದ್ದ 4 ಸೆಂಟಿಮೀಟರ್ ಆಸುಪಾಸಿನಲ್ಲಿರಲಿ. ಜಲವರ್ಣ ಚಿತ್ರದ ಕುಂಚ ಬೇಡ. ಚೀನೀ ಕುಂಚದ ಬುಡದಲ್ಲಿರುವ ಮಸಿಯ ಸಂಗ್ರಹ ಅದಕ್ಕಿಲ್ಲ.

ಹೊಸ ಕುಂಚ ಅಂಟಿನಿಂದ ಗಟ್ಟಿಯಾಗಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೆರಳಿನಿಂದ ಮೆಲ್ಲಗೆ ಬಿಡಿಸಿ, ಕೂದಲಿನ ಬುಡದವರೆಗೂ ಸಡಿಲಗೊಳಿಸಿ. ತುದಿಯನ್ನಷ್ಟೇ ಬಿಡಿಸಿ ಬರೆಯುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಕುಂಚವಿದ್ದೂ ಪೆನ್ನಿನಲ್ಲಿ ಬರೆದಂತಾಗುತ್ತದೆ.

ಮಸಿ: ಪೈನ್ ಮರದ ಅಥವಾ ಎಣ್ಣೆಯ ಹೊಗೆಯಿಂದ ಹಿಡಿದ ಕಾಡಿಗೆಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಅಚ್ಚಿಗೊತ್ತಿ ಒಣಗಿಸಿದ ಕಡ್ಡಿಯೇ ಮಸಿಕಡ್ಡಿ. ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದ ಮನೆಗಳವರಿಗೆ ಈ ತಯಾರಿಕೆಯ ಮೊದಲರ್ಧ ಹೊಸದೆನಿಸದು. ಅಭ್ಯಾಸಕ್ಕೆ ಬಾಟಲಿಯ ಮಸಿ ಸಾಕು, ಕೊನೆಯ ಹಾಳೆಗೆ ಕಡ್ಡಿಯನ್ನೇ ಅರೆಯಿರಿ. ಕಾರಣ ಮುಂದಿನ ಹಂತದಲ್ಲಿದೆ. ಫೌಂಟನ್ ಪೆನ್ನಿನ ಇಂಕು ಮಾತ್ರ ಯಾವ ಕಾರಣಕ್ಕೂ ಬೇಡ, ಈ ಕಾಗದದ ಮೇಲೆ ಅದು ನೀರಿನಂತೆ ಹರಡಿಹೋಗುತ್ತದೆ.

ಕಾಗದ: ಆನ್‌ಹ್ವೇ ಪ್ರಾಂತ್ಯದ ಜಿಂಗ್ ತಾಲ್ಲೂಕಿನ ಶ್ವಾನ್ ಕಾಗದ ಇದಕ್ಕೆ ಹೆಸರಾದದ್ದು. ನೀಲಿ ಚಂದನವೆಂದು ಕರೆಯುವ ಮರದ ತೊಗಟೆ (ನಮ್ಮ ಶ್ರೀಗಂಧಕ್ಕೂ ಇದಕ್ಕೂ ಸಂಬಂಧವಿಲ್ಲ) ಮತ್ತು ಭತ್ತದ ಹುಲ್ಲು ಇದರ ಮೂಲವಸ್ತುಗಳು. ಚೀನೀ ಕುಂಚ ಬರವಣಿಗೆಯನ್ನೂ ಈ ಕಾಗದ ತಯಾರಿಕೆಯ ಕಸುಬನ್ನೂ ಯುನೆಸ್ಕೊ 2009ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ‘ಹಸಿ’ ಶ್ವಾನ್ ಮಸಿಯನ್ನು ತಕ್ಷಣ ಹೀರಿ ಹರಡುತ್ತದೆ. ಪಟಿಕ ಮತ್ತು ಅಂಟು ಬಳಿದ ‘ಬೆಂದ’ ಶ್ವಾನ್ ಅಷ್ಟಾಗಿ ಹೀರುವುದಿಲ್ಲ. ಅರೆಬೆಂದದ್ದು ಇವೆರಡರ ನಡುವಿನದು, ಅಂತಿಮ ಹಾಳೆಗೆ ಅದನ್ನೇ ತರಿಸಿಕೊಳ್ಳಿ. 69×138 ಸೆಂಟಿಮೀಟರಿನ ಒಂದು ಪೂರ್ಣ ಹಾಳೆಯನ್ನು ಅಡ್ಡಕ್ಕೆ ಮೂರಾಗಿ ಕತ್ತರಿಸಿದರೆ 46×69 ಅಳತೆಯ ಮೂರು ಹಾಳೆಗಳು ಸಿಗುತ್ತವೆ. ದಿನದ ಅಭ್ಯಾಸಕ್ಕೆ ಹಳದಿ ಬಣ್ಣದ ಅಗ್ಗದ ಬಿದಿರು ಕಾಗದ ಅಥವಾ ಹಳೆಯ ದಿನಪತ್ರಿಕೆ ಸಾಕು.

ಇವಲ್ಲದೆ ಹಾಳೆಯ ಕೆಳಗೆ ಹಾಸಲು ದಪ್ಪ ಉಣ್ಣೆಯ ಹಾಸು (ಹಳೆಯ ಶಾಲನ್ನು ಎರಡು ಮಡಿಕೆ ಮಾಡಿ ಹಾಸಿದರೂ ನಡೆಯುತ್ತದೆ), ಅಂಚಿಗೆ ಇಡಲು ಭಾರ, ಮತ್ತು ಮಾದರಿ ಪುಸ್ತಕ. ಪ್ರಸಿದ್ಧ ಶಿಲಾಶಾಸನಗಳ ಅಕ್ಷರಗಳನ್ನು ಬಿಡಿಬಿಡಿಯಾಗಿ ಆಯ್ದು ಹಳೆಯ ಕವಿತೆಗಳಾಗಿ ಜೋಡಿಸಿದ ‘ಜೀ ಝಿ’ (ಅಕ್ಷರಸಂಗ್ರಹ) ಮಾದರಿ ಪುಸ್ತಕಗಳು ದೊರೆಯುತ್ತವೆ. ಯಾನ್ ಝೆನ್‌ಚಿಂಗ್ ಎಂಬ ಟ್ಯಾಂಗ್ ಕಾಲದ ಕುಂಚಬರಹಗಾರ 752ರಲ್ಲಿ ಬರೆದ ‘ದ್ವೋಬಾವೊ ಪಗೋಡ’ ಶಾಸನದಿಂದ ಆಯ್ದ ಅಕ್ಷರಗಳ ಸಂಗ್ರಹವಾದರೆ ಒಳ್ಳೆಯದು. ಕಂಪ್ಯೂಟರಿನ ಅಚ್ಚಕ್ಷರಗಳನ್ನು ಮುದ್ರಿಸಿಕೊಂಡು ಅದರ ಮೇಲೆ ತಿದ್ದಬೇಡಿ, ಅವುಗಳಲ್ಲಿ ಕುಂಚ ಎಲ್ಲಿ ಒತ್ತಿತು, ಎಲ್ಲಿ ಎದ್ದಿತು ಎಂಬ ಸುಳಿವೇ ಇರುವುದಿಲ್ಲ.

3. ಮಸಿ ಅರೆಯಿರಿ, ಕುಂಚ ಹಿಡಿಯಿರಿ

ಕಲ್ಲಿನ ಮೇಲೆ ಅರ್ಧ ಚಮಚ ತಣ್ಣೀರು ಹಾಕಿ, ಕಡ್ಡಿಯನ್ನು ನೆಟ್ಟಗೆ ಹಿಡಿದು, ಒತ್ತದೆ, ಆತುರವಿಲ್ಲದೆ ವೃತ್ತಾಕಾರದಲ್ಲಿ ಅರೆಯಿರಿ. ಮಸಿ ಅರೆಯುವಾಗ ರೋಗಿಷ್ಠನಂತಿರಬೇಕು ಎಂಬ ಹಳೆಯ ಚೀನೀ ಮಾತಿದೆ, ಅಂದರೆ ತೋಳಿನಲ್ಲಿ ಬಲವೇ ಇಲ್ಲದವರ ಹಾಗೆ. ಜೋರಾಗಿ ಅರೆದರೆ ಕಣಗಳು ದಪ್ಪವಾಗಿ ಮಸಿ ಒರಟಾಗುತ್ತದೆ. ಕಡ್ಡಿ ಹಾದುಹೋದ ಜಾಡು ಕ್ಷಣಕಾಲ ಉಳಿಯುವಷ್ಟು ಮಂದವಾದರೆ ಸಾಕು. ಈ ಹತ್ತು ಹದಿನೈದು ನಿಮಿಷಗಳಲ್ಲಿ ಕವಿತೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರಿ. ಬಾಟಲಿಯ ಮಸಿಯಲ್ಲಿ ತಪ್ಪಿಹೋಗುವುದು ಬಣ್ಣದ ಗುಣಕ್ಕಿಂತ ಈ ಹೊತ್ತು ಎಂಬುದು ನನ್ನ ಅನಿಸಿಕೆ. ಉಳಿದ ಮಸಿಯನ್ನು ಮಾರನೆಯ ದಿನಕ್ಕೆ ಇಡಬೇಡಿ. ಅಂಟು ಕೆಟ್ಟು ವಾಸನೆ ಬರುತ್ತದೆ, ಎಳೆಯ ಅಂಚು ಒಡೆಯುತ್ತದೆ.

ಕುಂಚದ ದಂಡವನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಹಿಡಿಯಬೇಕು. ಉಂಗುರಬೆರಳು ಒಳಗಿನಿಂದ ಹೊರಕ್ಕೆ ತಡೆಯಬೇಕು. ಕಿರುಬೆರಳು ಅದಕ್ಕೆ ಆಸರೆಯಾಗಿರಬೇಕು. ಅಂಗೈಯೊಳಗೆ ಮೊಟ್ಟೆಯೊಂದು ಹಿಡಿಸುವಷ್ಟು ಟೊಳ್ಳಿರಲಿ. ದಂಡ ಹಾಳೆಗೆ ನೆಟ್ಟಗಿರಲಿ, ಪೆನ್ನಿನಂತೆ ಭುಜದ ಕಡೆಗೆ ವಾಲಬಾರದು. ಮಣಿಕಟ್ಟು ಮೇಜನ್ನು ಮುಟ್ಟಬಾರದು.

ಯಾವಾಗ ಬರೆಯಬೇಕೆಂಬುದಕ್ಕೂ ಹಳಬರ ಸಲಹೆಯಿದೆ. ಸುನ್ ಗ್ವೋತಿಂಗ್ ಎಂಬವನು 687ರಲ್ಲಿ ಬರೆದ ‘ಶುಪು’ ಎಂಬ ಗ್ರಂಥದಲ್ಲಿ ಬರವಣಿಗೆಗೆ ಒದಗಿಬರುವ ಐದು ಸಂಗತಿಗಳನ್ನೂ ಒದಗದ ಐದನ್ನೂ ಪಟ್ಟಿ ಮಾಡಿದ್ದಾನೆ. ಮನಸ್ಸು ನಿರಾಳವಾಗಿರುವುದು, ಹವೆ ಹಿತವಾಗಿದ್ದು ತುಸು ತೇವವಿರುವುದು, ಕಾಗದ ಮಸಿಗಳು ಪರಸ್ಪರ ಹೊಂದುವುದು, ತಾನಾಗಿಯೇ ಬರೆಯಬೇಕೆನಿಸುವುದು ಒದಗುವವುಗಳಲ್ಲಿ ಸೇರಿವೆ. ಒಣಗಾಳಿ, ಸುಡುಬಿಸಿಲು, ಮನಸ್ಸಿನ ಅವಸರ, ದಣಿದ ಕೈ ಒದಗದವುಗಳಲ್ಲಿ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಫ್ಯಾನು ಹಾಕಿಕೊಂಡು ಬರೆಯಲು ಕುಳಿತವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ: ಕಲ್ಲಿನ ಮೇಲಿನ ಮಸಿ ನಾಲ್ಕು ಅಕ್ಷರ ಮುಗಿಯುವಷ್ಟರಲ್ಲಿ ಗಟ್ಟಿಯಾಗುತ್ತದೆ, ಹಾಳೆ ಹಾರುತ್ತದೆ. ಬೆಳಗಿನ ಹೊತ್ತೇ ವಾಸಿ.

4. ಎಳೆಗಳು

ಸೌಕರ್ಯಕ್ಕಾಗಿ ಕುಂಚದ ಒಂದೊಂದು ಗೀಟನ್ನೂ ಎಳೆ ಎನ್ನೋಣ. ನಾವು ಬರೆಯುವುದು ‘ಕಾಯ್’ ಶೈಲಿಯಲ್ಲಿ, ಅಂದರೆ ಪ್ರತಿ ಎಳೆಯೂ ಬೇರೆಬೇರೆಯಾಗಿ ನಿಲ್ಲುವ ನೇರ ಬರವಣಿಗೆಯಲ್ಲಿ. ಎಳೆಗಳನ್ನು ಕೂಡಿಸಿ ವೇಗವಾಗಿ ಬರೆಯುವ ಶೈಲಿಗಳು ಹೆಚ್ಚು ಭಾವಪೂರ್ಣವೆಂದು ಕಂಡರೂ ಅಲ್ಲಿಂದ ಆರಂಭಿಸಬಾರದು.

ಅಡ್ಡ ಎಳೆಯೊಂದನ್ನು ಚೆನ್ನಾಗಿ ಕಲಿತರೆ ಅರ್ಧ ಕೆಲಸ ಮುಗಿದಂತೆ. ತುದಿಯನ್ನು ಹಾಳೆಗೆ ಮುಟ್ಟಿಸಿ, ಬಲಕ್ಕೆ ಹೋಗುವ ಮೊದಲು ಕೂದಲೆಳೆಯಷ್ಟು ಎಡಕ್ಕೆ ಸರಿಸಿ, ಒತ್ತಿ, ನಂತರ ತುಸು ಎತ್ತಿ ಬಲಕ್ಕೆ ಸಾಗಿ, ಕೊನೆಯಲ್ಲಿ ಮತ್ತೆ ಒತ್ತಿ, ಬಂದ ದಾರಿಗೇ ಒಂದಿಷ್ಟು ಮರಳಿ ಎತ್ತಬೇಕು. ತುದಿ ಎಳೆಯೊಳಗೇ ಅಡಗಿಕೊಳ್ಳುವುದರಿಂದ ಇದಕ್ಕೆ ‘ಅಡಗಿದ ತುದಿ’ ಎಂದು ಹೆಸರು. ಎಳೆ ಸಾಗುವಾಗ ಕುಂಚದ ತುದಿ ಅಗಲದ ನಟ್ಟನಡುವೆ ಇರುವುದು ‘ನಡುತುದಿ’. ಒಂದು ಅಂಚಿಗೆ ಸರಿದರೆ ಎಳೆಯ ಒಂದು ಬದಿ ನಯವಾಗಿ ಇನ್ನೊಂದು ಬದಿ ಗರಗಸದಂತಾಗುತ್ತದೆ. ಲಂಬ ಎಳೆಗೂ ಇದೇ ಕ್ರಮ. ಚುಕ್ಕಿ, ಕೊಕ್ಕೆ, ಎಡಕ್ಕೆ ಜಾರುವ ಎಳೆ, ಬಲಕ್ಕೆ ಒತ್ತಿಳಿಯುವ ಎಳೆ ಮುಂತಾದವನ್ನು ‘ಶಾಶ್ವತ’ ಎಂಬ ಅರ್ಥದ ‘ಯೊಂಗ್’ ಎಂಬ ಒಂದೇ ಅಕ್ಷರದಲ್ಲಿ ಎಂಟು ಬಗೆಯಾಗಿ ಕಲಿಸುವ ಪದ್ಧತಿಯಿದೆ. ಆ ಅಕ್ಷರವನ್ನು ಎರಡು ವಾರ ಬರೆಯಿರಿ.

ಕನ್ನಡ ಬರೆದು ಪಳಗಿದ ಕೈಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಅಕ್ಷರಗಳು ದುಂಡು, ಮೂಲೆ ಬಂದಲ್ಲಿ ನಮ್ಮ ಕೈ ತಾನಾಗಿಯೇ ಸುತ್ತುತ್ತದೆ. ಕಾಯ್ ಶೈಲಿಯಲ್ಲಿ ಪೂರ್ಣ ವೃತ್ತವೆಂಬುದೇ ಇಲ್ಲ. ‘ತಿಂಗಳು’ ಎಂಬ ಅಕ್ಷರದ ಬಲಮೂಲೆಯಲ್ಲಿ ಅಡ್ಡ ಎಳೆ ನಿಂತು, ಕುಂಚ ಒಮ್ಮೆ ಎದ್ದು, ಓರೆಯಾಗಿ ಒತ್ತಿ, ಆಮೇಲೆ ಕೆಳಗಿಳಿಯಬೇಕು. ಅಲ್ಲಿ ದುಂಡಗೆ ಸುತ್ತಿದರೆ ಅಕ್ಷರ ಮೂಳೆಯಿಲ್ಲದಂತೆ ಕಾಣುತ್ತದೆ. ಈ ಒಂದು ಮೂಲೆಯನ್ನೇ ನೂರು ಸಲ ಬರೆಯಿರಿ ಎಂದರೆ ಅತಿಶಯೋಕ್ತಿಯಲ್ಲ.

5. ಹದಿನೇಳು ಅಕ್ಷರಗಳು

ಇಪ್ಪತ್ತರಲ್ಲಿ ‘ಹೊಳೆವ’, ‘ತಿಂಗಳು’, ‘ತಲೆ’ ಎಂಬ ಮೂರು ಎರಡೆರಡು ಬಾರಿ ಬರುವುದರಿಂದ ಕಲಿಯಬೇಕಾದದ್ದು ಹದಿನೇಳು ಅಕ್ಷರಗಳನ್ನು. ಎಳೆಗಳ ಅನುಕ್ರಮ ತಪ್ಪಬಾರದು: ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಮೊದಲು ಲಂಬ ನಂತರ, ಚೌಕದ ಒಳಗನ್ನು ತುಂಬಿದ ಮೇಲೆ ಬಾಗಿಲು ಮುಚ್ಚುವುದು.

ತಿಂಗಳಿಂದ ಆರಂಭಿಸಿ, ಏಕೆಂದರೆ ಆ ಆಕಾರ ಈ ಕವಿತೆಯಲ್ಲಿ ಆರು ಕಡೆ ಬರುತ್ತದೆ. ಎರಡು ಬಾರಿ ತಾನಾಗಿ. ಸೂರ್ಯನೂ ತಿಂಗಳೂ ಪಕ್ಕಪಕ್ಕ ನಿಂತಿರುವ ‘ಹೊಳೆವ’ ಎಂಬುದರ ಬಲಭಾಗವಾಗಿ ಎರಡು ಬಾರಿ. ‘ದಿಟ್ಟಿಸು’ ಎಂಬುದರ ಮೇಲ್ಭಾಗದಲ್ಲಿ ಒಮ್ಮೆ. ‘ಮುಂದೆ’ ಎಂಬುದರ ಕೆಳ ಎಡಮೂಲೆಯಲ್ಲಿ ಒಮ್ಮೆ. ಕೊನೆಯದರ ಮೂಲ ತಿಂಗಳಲ್ಲ, ಆಕಾರವಷ್ಟೇ ಅದರಂತಿದೆ. ಅಲ್ಲಿ ಎಡಗಾಲು ಜಾರದೆ ನೇರವಾಗಿ ಇಳಿಯುತ್ತದೆ. ಆರು ಕಡೆಯೂ ಒಂದೇ ಅಚ್ಚಿನಂತೆ ಬರೆದರೆ ಹಾಳೆ ಜೀವ ಕಳೆದುಕೊಳ್ಳುತ್ತದೆ. ವಾಂಗ್ ಶೀಝಿ ಎಂಬ ಹೆಸರಾಂತ ಕುಂಚಬರಹಗಾರ 353ರಲ್ಲಿ ಬರೆದ ‘ಲಾನ್‌ತಿಂಗ್’ ಮುನ್ನುಡಿಯಲ್ಲಿ ‘ಝಿ’ ಎಂಬ ಪುಟ್ಟ ಅಕ್ಷರ ಸುಮಾರು ಇಪ್ಪತ್ತು ಬಾರಿ ಬಂದರೂ ಒಂದರಂತೆ ಒಂದಿಲ್ಲವೆಂದು ಚೀನೀಯರು ಇಂದಿಗೂ ಕೊಂಡಾಡುತ್ತಾರೆ. (ಮೂಲ ಹಾಳೆ ಕಳೆದುಹೋಗಿದೆ, ಉಳಿದಿರುವುದು ನಕಲುಗಳು.) ನೀವು ಅಷ್ಟು ದೂರ ಹೋಗಬೇಕಿಲ್ಲ, ಎರಡನೆಯ ಬಾರಿ ಬರುವ ತಿಂಗಳನ್ನು ತುಸು ಕಿರಿದಾಗಿ ಬರೆದರೂ ಸಾಕು.

ಎರಡನೆಯ ಸಾಲಿನಲ್ಲಿ ಪರೀಕ್ಷೆಯೊಂದಿದೆ. ‘ಮೇಲೆ’ ಎಂಬುದಕ್ಕೆ ಮೂರೇ ಎಳೆಗಳು, ಅದರ ಬೆನ್ನಿಗೇ ಬರುವ ‘ಹಿಮ’ಕ್ಕೆ ಹದಿನೇಳು. ಎರಡನ್ನೂ ಚೌಕದ ತುಂಬ ಹಿಗ್ಗಿಸಿದರೆ ಮೂರೆಳೆಯದು ಖಾಲಿ ಮನೆಯಂತೆಯೂ ಹದಿನೇಳರದು ಸಂತೆಯಂತೆಯೂ ಕಾಣುತ್ತದೆ. ಎಳೆ ಕಡಿಮೆಯಿದ್ದಾಗ ಅಕ್ಷರ ಚಿಕ್ಕದು, ಎಳೆ ದಪ್ಪ. ಎಳೆ ಹೆಚ್ಚಿದ್ದಾಗ ಎಳೆ ತೆಳು, ಅವುಗಳ ನಡುವಿನ ಬಿಳಿಯ ಅಂತರ ಸಮ.

ಕೊನೆಯ ಸಾಲಿನ ‘ನೆನೆ’ ಎಂಬ ಅಕ್ಷರದ ಮೇಲೆ ಹೊಲದಂಥ ಒಂದು ಚೌಕವೂ (ಪ್ರಾಚೀನ ರೂಪದಲ್ಲಿ ಅದು ಹೊಲವಲ್ಲ, ನೆತ್ತಿ) ಕೆಳಗೆ ಹೃದಯವೂ ಇವೆ. ಹೃದಯಕ್ಕೆ ನಾಲ್ಕು ಎಳೆಗಳು: ಒಂದು ಚುಕ್ಕಿ, ಮಲಗಿದ ಕೊಕ್ಕೆಯೊಂದು, ಮತ್ತೆರಡು ಚುಕ್ಕಿಗಳು. ಅವು ಒಂದನ್ನೊಂದು ಮುಟ್ಟುವುದಿಲ್ಲ. ಆದರೆ ಒಂದು ಚುಕ್ಕಿ ಮುಗಿದ ದಿಕ್ಕಿನಿಂದಲೇ ಮುಂದಿನದು ಹುಟ್ಟಿದಂತೆ ಕಾಣಬೇಕು, ಅದಕ್ಕಾಗಿ ಕುಂಚ ಹಾಳೆಯಿಂದ ಎದ್ದ ಮೇಲೂ ಗಾಳಿಯಲ್ಲಿ ಅದೇ ದಾರಿಯಲ್ಲಿ ಸಾಗಬೇಕು. ‘ಕುಂಚ ತುಂಡಾದರೂ ಆಶಯ ತುಂಡಾಗದು’ ಎಂದು ಇದನ್ನು ಹೇಳುತ್ತಾರೆ. ಈ ಮೂರು ಚುಕ್ಕಿಗಳನ್ನು ಉದುರಿಸಿದಂತೆ ಬರೆಯುವುದೇ ನಾನು ಹೊಸಬರ ಹಾಳೆಗಳಲ್ಲಿ ಅತಿ ಹೆಚ್ಚು ಕಂಡ ದೋಷ.

ಎಚ್ಚರಿಕೆ: ಇಪ್ಪತ್ತನೆಯ ಶತಮಾನದಲ್ಲಿ ಸರಳಗೊಳಿಸಿದ ಅಕ್ಷರರೂಪಗಳನ್ನೂ ಸಾಂಪ್ರದಾಯಿಕ ರೂಪಗಳನ್ನೂ ಒಂದೇ ಹಾಳೆಯಲ್ಲಿ ಬೆರೆಸಬಾರದು. ಈ ಕವಿತೆಯಲ್ಲಿ ‘ಎತ್ತು’, ‘ತಲೆ’, ‘ಊರು’ ಎಂಬ ಮೂರರಲ್ಲಿ ಈ ಗೊಂದಲ ಆಗುತ್ತದೆ. ಸರಳ ರೂಪದ ‘ಊರು’ ಮೂರೇ ಎಳೆಯದು. ಶಾಸನದ ಮಾದರಿಯನ್ನು ಅನುಸರಿಸುವವರು ಸಾಂಪ್ರದಾಯಿಕ ರೂಪಗಳನ್ನೇ ಹಿಡಿಯಬೇಕು.

6. ಹಾಳೆಯ ಹಂಚಿಕೆ

ಸಾಲುಗಳು ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ. ವಿರಾಮಚಿಹ್ನೆಗಳಿಲ್ಲ. 46×69ರ ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ, ಏಳು, ಏಳು, ಆರು ಅಕ್ಷರಗಳ ಮೂರು ಕಂಬಗಳಾಗಿ ಹಂಚಿ. ಹೀಗೆ ಹಂಚಿದಾಗ ಕವಿತೆಯ ಸಾಲುಗಳೂ ಕಂಬಗಳೂ ಕೂಡಿಬರುವುದಿಲ್ಲ, ‘ಹೊಳೆವ’ ಎಂಬುದು ಎರಡನೆಯ ಕಂಬದ ತಳದಲ್ಲಿ ಉಳಿದು ‘ತಿಂಗಳು’ ಮೂರನೆಯ ಕಂಬದ ನೆತ್ತಿಗೆ ಹೋಗುತ್ತದೆ. ಇದರಿಂದ ಗಾಬರಿಯಾಗಬೇಡಿ, ಚೀನೀ ಓದುಗರಿಗೆ ಇದು ದೋಷವಲ್ಲ. ಮೇಲಾಗಿ, ಕೊನೆಯ ಕಂಬದಲ್ಲಿ ಮೇಲೆ ತಿಂಗಳು, ಅದರ ಕೆಳಗೆ ತಗ್ಗಿದ ತಲೆ, ತಳದಲ್ಲಿ ಊರು ಎಂಬ ಕ್ರಮ ತಾನಾಗಿಯೇ ಒದಗುತ್ತದೆ. ಈ ಹಂಚಿಕೆಯನ್ನು ನಾನು ಒಪ್ಪುವುದು ಮುಖ್ಯವಾಗಿ ಇದಕ್ಕಾಗಿಯೇ.

ಹಾಳೆಯನ್ನು ಪೆನ್ಸಿಲಿನಿಂದ ಗೀಚದೆ, ಮಡಿಸಿ ಮಡಿಕೆಯ ಗುರುತು ಮಾಡಿಕೊಳ್ಳಿ.

7. ಭಾವ: ಅದ್ದುವುದು, ನಿಲ್ಲುವುದು, ಸಾಗುವುದು

ಮೊದಲು ಎರಡು ಹಳೆಯ ಹಾಳೆಗಳ ಚಿತ್ರಗಳನ್ನು ಹುಡುಕಿ ನೋಡಿ. ಎರಡೂ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿವೆ.

ಒಂದು, ಯಾನ್ ಝೆನ್‌ಚಿಂಗ್ 758ರಲ್ಲಿ ತನ್ನ ದಾಯಾದಿ ಅಣ್ಣನ ಮಗನಿಗಾಗಿ ಬರೆದ ಶ್ರದ್ಧಾಂಜಲಿಯ ಕರಡು. 755ರಲ್ಲಿ ಆರಂಭವಾದ ಆನ್ ಲುಶಾನ್ ದಂಗೆಯಲ್ಲಿ ಆ ಯುವಕ ಹತನಾಗಿದ್ದ. ಹೊಡೆದುಹಾಕಿದ ಪದಗಳು, ಬದಿಗೆ ಸೇರಿಸಿದ ಪದಗಳು, ಮಸಿ ತೀರಿದರೂ ಅದ್ದದೆ ಒಣಕುಂಚದಲ್ಲೇ ಮುಂದುವರಿದ ಸಾಲುಗಳು ಅದರಲ್ಲಿವೆ. ಇನ್ನೊಂದು, ಸೋಂಗ್ ಕಾಲದ ಕವಿ ಸು ಶಿ (1037–1101) ಹ್ವಾಂಗ್‌ಝೋ ಗಡಿಪಾರಿನ ದಿನಗಳ ಬಗ್ಗೆ ಬರೆದ ‘ತಂಗಳೂಟದ ಹಬ್ಬ’ದ ಎರಡು ಕವಿತೆಗಳು. ಹಾಳೆಯ ಆರಂಭದಲ್ಲಿ ಅಕ್ಷರಗಳು ಚಿಕ್ಕವಾಗಿ ತಡೆದುಕೊಂಡಂತಿದ್ದು ಮುಂದೆ ಹೋದಂತೆ ದೊಡ್ಡವಾಗುತ್ತವೆ. ಕಾಗೆಯ ಕೊಕ್ಕಿನಲ್ಲಿ ಕಾಗದ ಕಂಡೆನೆಂಬಲ್ಲಿ ‘ಕಾಗದ’ ಎಂಬ ಅಕ್ಷರದ ಲಂಬ ಎಳೆ ಸೂಜಿಯಂತೆ ಉದ್ದಕ್ಕೆ ಇಳಿದುಬಿಡುತ್ತದೆ.

ಇವುಗಳಿಂದ ತಪ್ಪು ಪಾಠ ಕಲಿಯುವುದು ಸುಲಭ. ಒಣ ಎಳೆ, ಉದ್ದ ಬಾಲ, ಏರುಪೇರಾದ ಗಾತ್ರ ಇವೇ ಭಾವದ ಚಿಹ್ನೆಗಳೆಂದು ಭಾವಿಸಿ ಅವನ್ನು ನಮ್ಮ ಹಾಳೆಯಲ್ಲಿ ಬೇಕೆಂದೇ ಹಾಕಿದರೆ ಅದು ನಾಟಕವಾಗುತ್ತದೆ. ಯಾನ್ ಬರೆಯುತ್ತಿದ್ದದ್ದು ಕರಡನ್ನು. ಅಕ್ಷರ ಚೆಂದವಾಗಿರಲೆಂಬುದು ಆಗ ಅವನ ಯೋಚನೆಯಾಗಿರಲಾರದು. ದಶಕಗಳ ಕಾಲ ಪಳಗಿದ ಕೈ ತನ್ನಷ್ಟಕ್ಕೆ ನಡೆಯಿತು, ಮನಸ್ಸು ಬೇರೆಡೆ ಇತ್ತು. ನಮ್ಮ ಕೈ ಅಷ್ಟು ಪಳಗಿಲ್ಲ, ಲಿ ಬೈ ಕವಿತೆಯೂ ಅಂಥ ಆಕ್ರಂದನದ್ದಲ್ಲ. ಹಾಗಾಗಿ ನಾವು ಮಾಡಬಹುದಾದದ್ದು ಮೂರೇ ಕೆಲಸ.

ಮೊದಲನೆಯದು ಅದ್ದುವ ಸ್ಥಾನ. ಕುಂಚವನ್ನು ಮಸಿಗೆ ಮರಳಿಸುವುದೆಂದರೆ ಓದಿನಲ್ಲಿ ಉಸಿರು ತೆಗೆದುಕೊಂಡಂತೆ. ಆದ್ದರಿಂದ ಸಾಲಿನ ಆರಂಭದಲ್ಲಿ ಅದ್ದಿ, ಬೇಕಾದರೆ ಯತಿಯಲ್ಲಿ ಅದ್ದಿ, ಪದದ ನಡುವೆ ಅದ್ದಬೇಡಿ. ಕಂಬ ಮುಗಿಯಿತೆಂಬ ಕಾರಣಕ್ಕೆ ‘ಹೊಳೆವ’ಕ್ಕೂ ‘ತಿಂಗಳಿ’ಗೂ ನಡುವೆ ಅದ್ದುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ಸಾಲಿನಲ್ಲಿ ‘ನೆನೆ’ ಎಂಬುದರ ಮುಂದೆ ಒಮ್ಮೆ ಅದ್ದಿ, ‘ಹಳೆಯ’, ‘ಊರು’ ಎರಡನ್ನೂ ಅದರಲ್ಲೇ ಮುಗಿಸಿ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮಸಿ ತೀರುತ್ತ ಬಂದು, ಎಳೆಯೊಳಗೆ ಕಾಗದದ ಬಿಳುಪು ಇಣುಕಬಹುದು. ಇದನ್ನು ‘ಹಾರುವ ಬಿಳುಪು’ (ಫೇಯ್‌ಬೈ) ಎನ್ನುತ್ತಾರೆ. ಬಂದರೆ ಬರಲಿ, ಬರದಿದ್ದರೆ ತಂದುಕೊಳ್ಳಬೇಡಿ, ಬಂದದ್ದನ್ನು ತಿದ್ದಿ ಮುಚ್ಚಲೂಬೇಡಿ.

ಎರಡನೆಯದು ವೇಗ. ಮೊದಲ ಸಾಲು ನಿಶ್ಚಲ ದೃಶ್ಯ, ಎಳೆಗಳು ಸಮನಾದ ನಡಿಗೆಯಲ್ಲಿ ಸಾಗಲಿ. ‘ಸಂದೇಹ’ ಎಂಬ ಹದಿನಾಲ್ಕು ಎಳೆಗಳ ಅಕ್ಷರ ಸ್ವಭಾವತಃ ಕೈಯನ್ನು ತಡೆಯುತ್ತದೆ, ಆ ತಡೆಯನ್ನು ಒಪ್ಪಿಕೊಳ್ಳಿ. ಮೂರು ಮತ್ತು ನಾಲ್ಕನೆಯ ಸಾಲುಗಳ ನಡುವೆ ತಲೆ ಎತ್ತುವುದಕ್ಕೂ ತಗ್ಗಿಸುವುದಕ್ಕೂ ಮಧ್ಯದ ಆ ಗಳಿಗೆಯಲ್ಲಿ ಕವಿತೆ ಏನನ್ನೂ ಹೇಳುವುದಿಲ್ಲ. ಇಡೀ ಕವಿತೆಯ ಭಾರ ನನಗೆ ಅಲ್ಲೇ ಕಾಣುತ್ತದೆ. ಎರಡನೆಯ ತಿಂಗಳು ಮುಗಿದ ಮೇಲೆ ಕುಂಚವನ್ನು ಕಲ್ಲಿನ ಅಂಚಿಗಿಟ್ಟು, ಒಂದು ಪೂರ್ತಿ ಉಸಿರು ಬಿಟ್ಟು, ಆಮೇಲೆ ‘ತಗ್ಗಿಸು’ ಎಂಬುದನ್ನು ಬರೆಯಿರಿ.

ಮೂರನೆಯದು, ಒಂದೇ ಓಟದಲ್ಲಿ ಬರೆದು ಮುಗಿಸುವುದು. ಹತ್ತು ಅಕ್ಷರ ಇಂದು, ಹತ್ತು ನಾಳೆ ಎಂದರೆ ಮಸಿಯ ಹದವೂ ಕೈಯ ಹದವೂ ಬದಲಾಗುತ್ತವೆ. ಒಂದು ಅಕ್ಷರ ಕೆಟ್ಟರೆ ಅಲ್ಲಿಗೇ ಹಾಳೆಯನ್ನು ಬಿಡಬೇಡಿ, ಕೊನೆಯವರೆಗೂ ಬರೆಯಿರಿ. ಒಂದು ಬೆಳಗಿಗೆ ಐದು ಹಾಳೆ ಸಾಕು. ನನ್ನ ಅನುಭವದಲ್ಲಿ ಮೊದಲನೆಯದು ಬಿಗಿ, ಐದನೆಯದು ದಣಿವು, ಇಟ್ಟುಕೊಳ್ಳಬಹುದಾದದ್ದು ನಡುವಿನಲ್ಲೆಲ್ಲೋ ಇರುತ್ತದೆ. ಐದನ್ನೂ ಗೋಡೆಗೆ ಅಂಟಿಸಿ ಮೂರು ದಿನ ಬಿಟ್ಟು ನೋಡಿ ಆರಿಸಿ. ಬರೆದ ಕೂಡಲೇ ಆರಿಸಿದರೆ ಕಣ್ಣು ತಪ್ಪುಗಳನ್ನಷ್ಟೇ ಹುಡುಕುತ್ತದೆ.

8. ಸಹಿ ಮತ್ತು ಮುದ್ರೆ

ಮೂರನೆಯ ಕಂಬದ ಎಡಕ್ಕೆ, ಅದರ ನೆತ್ತಿಗಿಂತ ಕೆಳಗೆ ಆರಂಭಿಸಿ ತಳಕ್ಕಿಂತ ಮೇಲೆ ಮುಗಿಯುವಂತೆ, ಸಣ್ಣ ಅಕ್ಷರಗಳಲ್ಲಿ ಕವಿಯ ಹೆಸರು, ಕವಿತೆಯ ಹೆಸರು, ವರ್ಷ ಮತ್ತು ನಿಮ್ಮ ಹೆಸರು ಬರಬೇಕು. ನಮ್ಮ ಸಂವತ್ಸರಗಳಂತೆ ಚೀನೀಯರಲ್ಲೂ 60 ವರ್ಷಗಳ ಚಕ್ರವಿದೆ, ಅದರಲ್ಲಿ 2026 ‘ಬಿಂಗ್‌ವೂ’. ಚೀನೀ ಹೊಸವರ್ಷಕ್ಕೆ ಮೊದಲು (ಅದು ಜನವರಿಯ ಕೊನೆಗೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ) ಬರೆಯುವವರು ಹಿಂದಿನ ವರ್ಷದ ಹೆಸರನ್ನೇ ಹಾಕಬೇಕು. ನಿಮ್ಮ ಹೆಸರಿಗೆ ಚೀನೀ ಅಕ್ಷರಗಳನ್ನು ಹೊಂದಿಸುವ ಸೇವೆಗಳಿಂದ ದೂರವಿರಿ, ಅರ್ಥ ಎಲ್ಲಿಗೋ ಹೋಗುತ್ತದೆ. ಕನ್ನಡದಲ್ಲೇ ಸಹಿ ಮಾಡಿ.

ಹೆಸರಿನ ಕೆಳಗೆ ಇಂಗಳೀಕದ ಕೆಂಪು ಮುದ್ರೆ ಬೀಳಬೇಕು. ಅದು ಸಹಿಯ ಅಕ್ಷರಗಳಿಗಿಂತ ದೊಡ್ಡದಾಗಿರಬಾರದು. ರಬ್ಬರ್ ಸ್ಟ್ಯಾಂಪಿನ ಇಂಕು ಕಾಗದದಲ್ಲಿ ಹರಡುವುದರಿಂದ ಮುದ್ರೆಗೆಂದೇ ಮಾಡಿದ ಕೆಂಪು ಲೇಪವನ್ನೇ ಬಳಸಿ. ಇಂಗಳೀಕದಲ್ಲಿ ಪಾದರಸವಿದೆ, ಮಕ್ಕಳ ಕೈಗೆ ಸಿಗದಂತಿಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮುದ್ರೆಯೊತ್ತುವಾಗ ಹಾಳೆಯ ಕೆಳಗಿನ ಉಣ್ಣೆಯ ಹಾಸನ್ನು ತೆಗೆದು ಒಂದು ಪುಸ್ತಕವಿಡಿ, ಇಲ್ಲವಾದರೆ ಅಂಚು ಮಸುಕಾಗುತ್ತದೆ.

ಕುಂಚವನ್ನು ಆ ಕೂಡಲೇ ತಣ್ಣೀರಿನಲ್ಲಿ, ಹಿಂಡಿದ ನೀರು ತಿಳಿಯಾಗುವವರೆಗೂ ತೊಳೆಯಿರಿ; ಬಿಸಿನೀರು ಬುಡದ ಅಂಟನ್ನು ಕರಗಿಸಿ ಕೂದಲು ಉದುರುವಂತೆ ಮಾಡುತ್ತದೆ. ತುದಿಯನ್ನು ಬೆರಳಿನಿಂದ ಚೂಪು ಮಾಡಿ, ಕೂದಲು ಕೆಳಮುಖವಾಗಿ ನೇತುಹಾಕಿ. ಲೋಟದಲ್ಲಿ ತಲೆಮೇಲಾಗಿ ನಿಲ್ಲಿಸಿದರೆ ನೀರು ಬುಡಕ್ಕಿಳಿದು ಕೊಳೆಯಿಸುತ್ತದೆ. ಬರೆದ ಹಾಳೆಯನ್ನು ಬಿಸಿಲಿಗಿಡದೆ ನೆರಳಿನಲ್ಲಿ ಒಣಗಿಸಿ. ಕರಾವಳಿ ಮಲೆನಾಡುಗಳಲ್ಲಿರುವವರು ಮಳೆಗಾಲದಲ್ಲಿ ಅದನ್ನು ಗಾಜಿಗೆ ತಾಗುವಂತೆ ಚೌಕಟ್ಟು ಹಾಕಿಸಬೇಡಿ. ಎರಡರ ನಡುವೆ ಗಾಳಿಯಾಡುವ ಅಂತರವಿರದಿದ್ದರೆ ಬೂಷ್ಟು ಹಿಡಿಯುತ್ತದೆ.